ಸ್ವೀಟ್ ಹನಿ ಇನ್ ದ ರಾಕ್: ಒಟ್ಟಿಗೆ ಕೂತು ಹಾಡಿದ ರಾಜಕೀಯ

ಅಮೆರಿಕದ ಕಪ್ಪು ಸ್ತ್ರೀವಾದದ ಬಗ್ಗೆ ಓದಲು ಶುರು ಮಾಡಿದವರ ಕೈಗೆ ಮೊದಲು ಸಿಗುವುದು ಪ್ರಬಂಧಗಳು, ಪ್ರಣಾಳಿಕೆಗಳು, ಕೋರ್ಟ್ ಕೇಸುಗಳು. ಅವೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಅದೇ ವಿಚಾರವನ್ನು ಐವತ್ತು ವರ್ಷಕ್ಕೂ ಮುಂಚಿನಿಂದ ಹಾಡಿಕೊಂಡು ಬಂದ ಒಂದು ತಂಡ ಇದೆ. ಹೆಸರು ಸ್ವೀಟ್ ಹನಿ ಇನ್ ದ ರಾಕ್. 1973ರಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ಹುಟ್ಟಿದ್ದು. ಎಲ್ಲರೂ ಕಪ್ಪು ಮಹಿಳೆಯರು. ಬಹುಕಾಲ ಇವರ ಹಿಂದೆ ಪಿಯಾನೊ ಇರಲಿಲ್ಲ, ಗಿಟಾರ್ ಇರಲಿಲ್ಲ, ಮುಂದೆ ನಿಂತು ಕೈ ಆಡಿಸುವ ಕಂಡಕ್ಟರ್ ಅಂತೂ ಇರಲೇ ಇಲ್ಲ. ಅರ್ಧ ಚಂದ್ರದ ಹಾಗೆ ಕುರ್ಚಿ ಹಾಕಿಕೊಂಡು, ಬಣ್ಣಬಣ್ಣದ ಆಫ್ರಿಕನ್ ಬಟ್ಟೆ ಉಟ್ಟು, ಒಬ್ಬರ ಪಕ್ಕ ಒಬ್ಬರು ಕೂತು ಹಾಡುವುದು. ಹೆಚ್ಚೆಂದರೆ ಕೈಯಲ್ಲೊಂದು ಶೆಕೆರೆ, ಅಂದರೆ ಮಣಿ ಪೋಣಿಸಿದ ಬಲೆ ಸುತ್ತಿದ ಸೋರೆ ಬುರುಡೆ.

ಇವರ ಹಾಡಿನ ಸಾಲುಗಳನ್ನಷ್ಟೇ ಕೇಳಿದರೆ ಅರ್ಧ ಮಾತ್ರ ಸಿಗುತ್ತದೆ. ಯಾರು ಶುರು ಮಾಡುತ್ತಾರೆ, ಯಾರು ಯಾವಾಗ ಸೇರುತ್ತಾರೆ, ಯಾರಿಗೆ ಜಾಗ ಬಿಡುತ್ತಾರೆ, ಇದರಲ್ಲೇ ಇವರ ರಾಜಕೀಯ ಇದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಮೊದಲು ಕಪ್ಪು ಸ್ತ್ರೀವಾದ ಅಂದರೇನು ಅನ್ನುವುದನ್ನು ಒಂದು ಕೇಸಿನ ಮೂಲಕ ಹೇಳಿಬಿಡುತ್ತೇನೆ. ಸೇಂಟ್ ಲೂಯಿಸ್‌ನಲ್ಲಿ ಐದು ಜನ ಕಪ್ಪು ಮಹಿಳೆಯರು ಜನರಲ್ ಮೋಟಾರ್ಸ್ ಮೇಲೆ ಕೇಸು ಹಾಕಿದ್ದರು. 1964ಕ್ಕೆ ಮುಂಚೆ ಆ ಕಂಪನಿ ಅಲ್ಲಿ ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆಮೇಲೆ ವ್ಯಾಪಾರ ಕುಸಿದು ಆಳು ಕಡಿಮೆ ಮಾಡುವಾಗ, ಕೊನೆಗೆ ಸೇರಿದವರು ಮೊದಲು ಹೊರಗೆ ಅನ್ನುವ ಸೀನಿಯಾರಿಟಿ ನಿಯಮ ಹಾಕಿದರು. ತಡವಾಗಿ ಸೇರಿಸಿಕೊಂಡಿದ್ದು ಕಂಪನಿ, ಕೆಲಸ ಹೋಗಿದ್ದು ಇವರದು. 1976ರಲ್ಲಿ ಕೋರ್ಟು ಏನು ಹೇಳಿತು ಗೊತ್ತಾ? ಹೆಂಗಸರು ಅಂತ ದೂರು ಕೊಡಿ, ಇಲ್ಲ ಕಪ್ಪು ಜನ ಅಂತ ದೂರು ಕೊಡಿ, ಎರಡನ್ನೂ ಸೇರಿಸಿ ಹೊಸದೊಂದು ಗುಂಪು ಮಾಡಿಕೊಂಡು ಬಂದರೆ ಕಾನೂನಿನಲ್ಲಿ ಜಾಗ ಇಲ್ಲ. ಕಂಪನಿಯಲ್ಲಿ ಹೆಂಗಸರು ಇದ್ದರು, ಆಫೀಸಿನಲ್ಲಿ, ಬಿಳಿಯರು. ಕಪ್ಪು ಜನರೂ ಇದ್ದರು, ಕಾರ್ಖಾನೆಯಲ್ಲಿ, ಗಂಡಸರು. ಲೆಕ್ಕದ ಪುಸ್ತಕದಲ್ಲಿ ಎರಡೂ ಕಡೆ ಸರಿಯಾಗಿತ್ತು. ಈ ಐದು ಜನ ನಡುವೆ ಬಿದ್ದುಹೋದರು. ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಷಾ 1989ರಲ್ಲಿ ಇಂಟರ್‌ಸೆಕ್ಷನಾಲಿಟಿ, ಅಂದರೆ ಬಣ್ಣ, ಹೆಣ್ಣುತನದಂಥ ತಾರತಮ್ಯಗಳು ಒಬ್ಬರ ಮೇಲೇ ಒಟ್ಟಿಗೆ ಬೀಳುತ್ತವೆ ಅನ್ನುವ ವಿಚಾರ ಮಂಡಿಸಿದಾಗ ಮುಂದಿಟ್ಟ ಕೇಸುಗಳಲ್ಲಿ ಇದೂ ಒಂದು.

ಕ್ರೆನ್‌ಷಾಗಿಂತ ಮುಂಚೆಯೇ ಈ ಮಾತನ್ನು ಸ್ಪಷ್ಟವಾಗಿ ಬರೆದಿಟ್ಟವರು ಬಾಸ್ಟನ್‌ನ ಕೊಂಬಾಹೀ ರಿವರ್ ಕಲೆಕ್ಟಿವ್ ಅನ್ನುವ ಬಳಗ. 1974ರಲ್ಲಿ ಶುರುವಾಯಿತು, 1977ರಲ್ಲಿ ಅವರ ಹೇಳಿಕೆ ಬಂತು. ಬಣ್ಣ, ಹೆಣ್ಣುತನ, ವರ್ಗ, ಯಾರನ್ನು ಪ್ರೀತಿಸುತ್ತೀರಿ ಅನ್ನುವುದು, ಇವುಗಳಿಂದ ಬರುವ ದಬ್ಬಾಳಿಕೆಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಒಂದನ್ನು ಬಿಡಿಸಿ ಇನ್ನೊಂದನ್ನು ಆಮೇಲೆ ನೋಡೋಣ ಅನ್ನುವುದು ಆಗುವ ಕೆಲಸವಲ್ಲ ಅನ್ನುವುದು ಅವರ ವಾದದ ತಿರುಳು. ಆ ಹೆಸರಿನ ಹಿಂದೆಯೂ ಒಬ್ಬ ಕಪ್ಪು ಹೆಂಗಸಿದ್ದಾಳೆ. 1863ರಲ್ಲಿ ಹ್ಯಾರಿಯೆಟ್ ಟಬ್‌ಮನ್ ಮುಂದೆ ನಿಂತು ನಡೆಸಿಕೊಟ್ಟ ದಾಳಿಯಲ್ಲಿ 700ಕ್ಕೂ ಹೆಚ್ಚು ಗುಲಾಮರು ಬಿಡುಗಡೆ ಆಗಿದ್ದು ಸೌತ್ ಕೆರೊಲೈನಾದ ಕೊಂಬಾಹೀ ನದಿಯ ದಡದಲ್ಲಿ.

ಬಾಸ್ಟನ್‌ನಲ್ಲಿ ಬಳಗ ಕಟ್ಟುವುದಕ್ಕೆ ಒಂದು ವರ್ಷ ಮೊದಲೇ ವಾಷಿಂಗ್ಟನ್‌ನಲ್ಲಿ ಈ ಹೆಂಗಸರು ಹಾಡಲು ಕೂತಿದ್ದರು. ಅವರನ್ನು ಒಟ್ಟು ಮಾಡಿದವರು ಬರ್ನೀಸ್ ಜಾನ್ಸನ್ ರೇಗನ್.

ರೇಗನ್ ಹುಟ್ಟಿದ್ದು 1942ರಲ್ಲಿ, ಜಾರ್ಜಿಯಾ ರಾಜ್ಯದ ಆಲ್ಬನಿ ಊರಿನ ಹತ್ತಿರ. ಅಪ್ಪ ಬ್ಯಾಪ್ಟಿಸ್ಟ್ ಪಾದ್ರಿ. ಅವರ ಚರ್ಚಿನಲ್ಲಿ ಎಷ್ಟೋ ವರ್ಷ ಪಿಯಾನೊ ಇರಲಿಲ್ಲ, ಹಾಗಾಗಿ ಕೈ ಚಪ್ಪಾಳೆ, ಕಾಲಿನ ಸದ್ದು, ಗಂಟಲು, ಇಷ್ಟರಲ್ಲೇ ಹಾಡು ನಡೆಯಬೇಕಿತ್ತು. ಅಲ್ಲಿ ಹಾಡುವ ರೀತಿ ನಮಗೆ ತೀರಾ ಹೊಸದೇನಲ್ಲ. ಮದುವೆ ಮನೆಯಲ್ಲಿ ಸೋಬಾನೆ ಪದ ಹೇಳುವಾಗ ಒಬ್ಬಾಕೆ ಎತ್ತಿಕೊಂಡರೆ ಉಳಿದವರು ಹಿಡಿದುಕೊಳ್ಳುತ್ತಾರಲ್ಲ, ಹಾಗೆ. ಒಂದು ದೊಡ್ಡ ವ್ಯತ್ಯಾಸ ಇದೆ. ಸೋಬಾನೆಯಲ್ಲಿ ಹಿಂದಿನವರೆಲ್ಲ ಒಂದೇ ಧಾಟಿಯಲ್ಲಿ ಹೇಳುತ್ತಾರೆ. ಅಲ್ಲಿ ಹಾಗಲ್ಲ, ಪ್ರತಿಯೊಬ್ಬರೂ ತಮ್ಮ ಗಂಟಲಿಗೆ ಒಗ್ಗುವ ದಾರಿ ಹುಡುಕಿಕೊಂಡು ಸೇರುತ್ತಾರೆ, ಒಬ್ಬರು ಕೆಳಗೆ, ಒಬ್ಬರು ಮೇಲೆ, ಒಬ್ಬರು ಸುಮ್ನೆ ಗುನುಗುತ್ತಾ. ಎಲ್ಲ ಸೇರಿ ಒಂದೇ ಹಾಡು, ಆದರೆ ಯಾರ ದನಿಯೂ ಇನ್ನೊಬ್ಬರ ದನಿಯಲ್ಲಿ ಮುಚ್ಚಿಹೋಗುವುದಿಲ್ಲ.

1961ರ ಕೊನೆಯಲ್ಲಿ ಆಲ್ಬನಿಯಲ್ಲಿ ನಾಗರಿಕ ಹಕ್ಕುಗಳ ಚಳವಳಿ ಬಿಸಿ ಏರಿತು. ಬಸ್ ನಿಲ್ದಾಣದಲ್ಲಿ ಬಿಳಿಯರಿಗೆ ಮಾತ್ರ ಅಂತ ಇದ್ದ ಜಾಗಕ್ಕೆ ಹೋದ ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದರು. ಅದಕ್ಕೆ ಮೆರವಣಿಗೆ ಆಯಿತು, ಮೆರವಣಿಗೆ ಮುಗಿಸಿ ಎಲ್ಲರೂ ಒಂದು ಚರ್ಚಿಗೆ ಬಂದರು. ಆಗ ರೇಗನ್ ಇನ್ನೂ ಕಾಲೇಜು ಹುಡುಗಿ, ಯಾರೋ ಅವಳಿಗೆ ಒಂದು ಹಾಡು ಹೇಳು ಅಂದರು. ಅವಳು ಚಿಕ್ಕಂದಿನಿಂದ ಬಲ್ಲ ಒಂದು ಹಳೆಯ ಹಾಡು ಎತ್ತಿಕೊಂಡಳು. ತಲೆ ಮೇಲೆ ಗಾಳಿಯಲ್ಲಿ ಕಷ್ಟ ಕಾಣುತ್ತಿದೆ ಅನ್ನುವ ಹಾಡು ಅದು. ‘ಕಷ್ಟ’ ಅನ್ನುವ ಜಾಗ ಬಂದಾಗ ಅವಳ ಬಾಯಲ್ಲಿ ‘ಸ್ವಾತಂತ್ರ್ಯ’ ಬಂತು. ಜನ ಹಿಡಿದುಕೊಂಡರು. ಈ ಹಾಡುಗಳು ನನ್ನವು, ನನಗೆ ಬೇಕಾದ ಕೆಲಸಕ್ಕೆ ಇವನ್ನು ಬಳಸಬಹುದು ಅಂತ ತನಗೆ ಅವತ್ತೇ ಮೊದಲು ಅನ್ನಿಸಿದ್ದು ಅಂತ ರೇಗನ್ ಮುಂದೆ ಹೇಳಿದ್ದಾರೆ. ಚಳವಳಿಗೆ ಇಳಿದಿದ್ದಕ್ಕೆ ಅವರು ಜೈಲಿಗೂ ಹೋದರು, ಕಾಲೇಜಿನಿಂದಲೂ ಹೊರಬಿದ್ದರು.

ಆಮೇಲೆ 1962ರಲ್ಲಿ ಫ್ರೀಡಮ್ ಸಿಂಗರ್ಸ್. ನಾಲ್ಕು ಜನ ಯುವಕ ಯುವತಿಯರು ದೇಶ ಸುತ್ತಿ, ಹಾಡಿ, ಚಳವಳಿಗೆ ದುಡ್ಡು ಕೂಡಿಸಿದರು. ‘ವಿ ಶಲ್ ಓವರ್‌ಕಮ್’ ಹಾಡನ್ನು ಊರೂರಿಗೆ ಮುಟ್ಟಿಸಿದವರಲ್ಲಿ ಇವರೂ ಇದ್ದರು. ನಮ್ಮ ಶಾಲೆಗಳಲ್ಲಿ ‘ಹಮ್ ಹೋಂಗೇ ಕಾಮ್‌ಯಾಬ್’ ಅಂತ ಪ್ರಾರ್ಥನೆ ಹೊತ್ತಲ್ಲಿ ಹೇಳಿಸುತ್ತಿದ್ದರಲ್ಲ, ಅದೇ ಹಾಡು. ನಾವು ಶಿಸ್ತಾಗಿ ಸಾಲಲ್ಲಿ ನಿಂತು ಹೇಳಿದ್ದನ್ನು ಅವರು ಪೊಲೀಸ್ ವ್ಯಾನಿನಲ್ಲಿ, ಜೈಲಿನ ಕಂಬಿ ಹಿಂದೆ ಹೇಳಿದ್ದರು.

ರೇಗನ್ ಅವರ ಒಂದು ವಿಚಾರ ನನಗೆ ಬಹಳ ಇಷ್ಟ. ಕಪ್ಪು ಜನರ ಹಳೆಯ ಹಾಡುಗಳಲ್ಲಿ ‘ನಾವು’ಗಿಂತ ‘ನಾನು’ ಜಾಸ್ತಿ. ಹೊರಗಿನವರಿಗೆ ಇದು ಸ್ವಾರ್ಥದ ಹಾಗೆ ಕಾಣಬಹುದು. ಅವರು ಹೇಳುವುದು ಉಲ್ಟಾ. ಗುಂಪಿನಲ್ಲಿ ನಿಂತು ‘ನಾವು ಮಾಡುತ್ತೇವೆ’ ಅಂದಾಗ ಯಾರು ಮಾಡುತ್ತಾರೋ ಗೊತ್ತಾಗುವುದಿಲ್ಲ, ‘ನಾವು’ ಹಿಂದೆ ಯಾರು ಬೇಕಾದರೂ ಅಡಗಬಹುದು. ಪ್ರತಿಯೊಬ್ಬರೂ ‘ನಾನು ಬರುತ್ತೇನೆ’ ಅಂತ ಹಾಡಿದರೆ ಮಾತ್ರ ಅಲ್ಲಿ ನಿಜವಾದ ಗುಂಪು ಇದೆ. ಸ್ವೀಟ್ ಹನಿಯ ಹಾಡಿನ ಕಟ್ಟಡವೇ ಇದು.

ತಂಡ ಹುಟ್ಟಿದ್ದು ಒಂದು ನಾಟಕ ಸಂಸ್ಥೆಯಲ್ಲಿ. ಡಿ.ಸಿ. ಬ್ಲ್ಯಾಕ್ ರೆಪರ್ಟರಿಯಲ್ಲಿ ರೇಗನ್ ನಟ ನಟಿಯರಿಗೆ ಹಾಡು ಕಲಿಸುತ್ತಿದ್ದರು. ಆ ತಾಲೀಮಿನಿಂದ ನಾಲ್ಕು ಜನ ಹೆಂಗಸರು ಉಳಿದುಕೊಂಡರು, 1973ರ ನವೆಂಬರಿನಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಮೊದಲ ಸಲ ಜನರ ಮುಂದೆ ಹಾಡಿದರು. ಹೆಸರು ಒಂದು ಹಳೆಯ ಭಕ್ತಿ ಹಾಡಿನದು, ಅದರ ಬೇರು ಬೈಬಲ್ಲಿನ ಕೀರ್ತನೆಯಲ್ಲಿದೆ, ಬಂಡೆಯಿಂದ ಜೇನು ಸುರಿಸಿ ತಣಿಸುವ ಮಾತು. ಕಲ್ಲಿನ ಗಟ್ಟಿತನ, ಜೇನಿನ ಸಿಹಿ, ಎರಡೂ ಇರುವ ಕಪ್ಪು ಹೆಂಗಸರ ಚಿತ್ರ ರೇಗನ್ ಅವರಿಗೆ ಅದರಲ್ಲಿ ಕಂಡಿತು. ಮುಂದೆ ಬಂದು ಹೋದವರು ಇಪ್ಪತ್ತಕ್ಕೂ ಹೆಚ್ಚು ಜನ.

ಚರ್ಚಿನ ಭಕ್ತಿ ಹಾಡು ಹಾಡುವ ನಾಲ್ವರ ತಂಡ, ಅಂದರೆ ಗಾಸ್ಪೆಲ್ ಕ್ವಾರ್ಟೆಟ್‌ಗಳಲ್ಲಿ ತಳದ ದನಿ, ಬೇಸ್, ಗಂಡಸರ ಸೊತ್ತು. 1979ರಲ್ಲಿ ಸೇರಿದ ಇಸಾಯೆ ಬಾರ್ನ್‌ವೆಲ್ ಆ ಜಾಗಕ್ಕೆ ಇಳಿದರು. ಅವರ ದನಿ ಎಷ್ಟು ಕೆಳಗೆ ಹೋಗುತ್ತದೆ ಅಂದರೆ, ಹೆಂಗಸು ಹಾಡುತ್ತಿದ್ದಾರೆ ಅಂತ ಮೊದಲ ಸಲ ಕೇಳಿದವರು ನಂಬುವುದೇ ಕಷ್ಟ. ಹೆಣ್ಣಿನ ದನಿ ತೆಳ್ಳಗೆ, ಮೇಲೆ, ಅಲಂಕಾರಕ್ಕೆ ಅಂತ ಎಲ್ಲೋ ನಮ್ಮ ತಲೆಯಲ್ಲಿ ಕೂತಿದೆ ಅಲ್ವಾ? ಇಲ್ಲಿ ಇಡೀ ಹಾಡಿನ ಭಾರ ಹೊರುವುದೇ ಒಬ್ಬ ಹೆಂಗಸಿನ ದನಿ.

ಬಾರ್ನ್‌ವೆಲ್ ಅವರಿಗೆ ಸನ್ನೆ ಭಾಷೆಯೂ ಗೊತ್ತಿತ್ತು. 1980ರಲ್ಲಿ ಶರ್ಲಿ ಚೈಲ್ಡ್ರೆಸ್ ಸೇರಿದರು. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ, ಸನ್ನೆ ಭಾಷೆ ಅವರಿಗೆ ಮನೆಮಾತು. ಅವರು ಹಾಡುತ್ತಿರಲಿಲ್ಲ, ಹಾಡನ್ನು ಅಮೆರಿಕನ್ ಸನ್ನೆ ಭಾಷೆಯಲ್ಲಿ ಕೊಡುತ್ತಿದ್ದರು. ವೇದಿಕೆಯ ಮೂಲೆಯಲ್ಲಿ ಕಪ್ಪು ಬಟ್ಟೆ ಹಾಕಿ ನಿಂತ ಅನುವಾದಕಿಯಾಗಿ ಅಲ್ಲ, ಅದೇ ಅರ್ಧ ಚಂದ್ರದಲ್ಲಿ, ಅದೇ ಬಣ್ಣದ ಉಡುಪಿನಲ್ಲಿ, ತಂಡದ ಸದಸ್ಯೆಯಾಗಿ. ಅವರ ವಿಡಿಯೊ ಸಿಕ್ಕರೆ ಗಮನಿಸಿ: ಮಾತು ಮಾತ್ರವಲ್ಲ, ತಾಳವೂ ಅವರ ಭುಜ, ಮುಖ, ಬೆರಳುಗಳಲ್ಲಿ ಓಡುತ್ತದೆ, ದನಿ ಇಳಿದಾಗ ಕೈಯೂ ಇಳಿಯುತ್ತದೆ. ನಮ್ಮಲ್ಲಿ ಈಗಲೂ ಎಷ್ಟು ಸಂಗೀತ ಕಾರ್ಯಕ್ರಮಗಳಲ್ಲಿ ಇದನ್ನು ನೋಡಿದ್ದೀರಿ? ಯಾರನ್ನೂ ಹೊರಗೆ ಬಿಡುವುದಿಲ್ಲ ಅಂತ ಭಾಷಣ ಮಾಡುವುದು ಸುಲಭ, ಅವರಿಗೊಂದು ಕುರ್ಚಿ ಹಾಕುವುದು ಬೇರೆ.

ಈಗ ಹಾಡುಗಳ ವಿಷಯ. ಮೊದಲ ಆಲ್ಬಮ್ 1976ರಲ್ಲಿ ಬಂತು. ಅದರಲ್ಲಿ ಜೋನ್ ಲಿಟಲ್ ಬಗ್ಗೆ ರೇಗನ್ ಬರೆದ ಹಾಡಿದೆ. ಜೋನ್ 20 ವರ್ಷದ ಕಪ್ಪು ಹುಡುಗಿ, ನಾರ್ತ್ ಕೆರೊಲೈನಾದ ಒಂದು ಜಿಲ್ಲಾ ಜೈಲಿನಲ್ಲಿದ್ದಳು. 1974ರ ಆಗಸ್ಟಿನಲ್ಲಿ ಬಿಳಿಯ ಜೈಲರ್ ಅವಳ ಸೆಲ್‌ನಲ್ಲಿ ಸತ್ತು ಬಿದ್ದಿದ್ದ, ಸೊಂಟದಿಂದ ಕೆಳಗೆ ಬಟ್ಟೆ ಇರಲಿಲ್ಲ. ಅವನು ಮೈಮೇಲೆ ಬಿದ್ದಾಗ ಐಸ್ ಒಡೆಯುವ ಚೂಪು ಸಲಾಕೆ ಕಿತ್ತುಕೊಂಡು ತಿರುಗಿಬಿದ್ದೆ ಅಂತ ಜೋನ್ ಹೇಳಿದಳು. ಸರ್ಕಾರ ಕೊಲೆ ಕೇಸು ಹಾಕಿತು. ಇಲ್ಲಿ ಮತ್ತೆ ಅದೇ ಗಂಟು. ಬರೀ ಬಣ್ಣದ ಪ್ರಶ್ನೆ ಅಂದರೆ ಅತ್ಯಾಚಾರ ಮರೆಯಾಗುತ್ತದೆ, ಬರೀ ಹೆಣ್ಣಿನ ಪ್ರಶ್ನೆ ಅಂದರೆ ಅವಳು ಕಪ್ಪು, ಬಡವಿ, ಕೈದಿ ಅನ್ನುವುದು ಮರೆಯಾಗುತ್ತದೆ. ನಾಗರಿಕ ಹಕ್ಕುಗಳ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಡೆಟ್ರಾಯ್ಟ್‌ನಲ್ಲಿ ಅವಳ ಪರವಾಗಿ ಸಮಿತಿ ಕಟ್ಟಲು ಮುಂದಾದರು, ಕಪ್ಪು ಸ್ತ್ರೀವಾದಿ ಲೇಖಕಿ ಏಂಜೆಲಾ ಡೇವಿಸ್ ಅವಳ ಬಗ್ಗೆ ಬರೆದರು, ಸ್ವೀಟ್ ಹನಿ ಹಾಡಿತು. ಜೋನ್ ಅಂದರೆ ನೀನೇ, ನಾನೇ, ಈ ಸಮಾಜವೇ ನಮ್ಮ ಜೈಲು ಅನ್ನುವುದು ಆ ಹಾಡಿನ ಸಾರ. 1975ರ ಆಗಸ್ಟಿನಲ್ಲಿ ಆರು ಕಪ್ಪು, ಆರು ಬಿಳಿ ಜನರಿದ್ದ ಜ್ಯೂರಿ ಅವಳನ್ನು ಬಿಡುಗಡೆ ಮಾಡಿತು. ಲೈಂಗಿಕ ದಾಳಿಯಿಂದ ತಪ್ಪಿಸಿಕೊಳ್ಳಲು ಕೊಂದೆ ಅಂತ ವಾದಿಸಿ ಅಮೆರಿಕದಲ್ಲಿ ಗೆದ್ದ ಮೊದಲ ಮಹಿಳೆ ಅಂತ ಅವಳನ್ನು ನೆನೆಯುತ್ತಾರೆ.

ನನಗೆ ಇದಕ್ಕಿಂತ ಹತ್ತಿರದ ಹಾಡು ಇನ್ನೊಂದು, ‘ಆರ್ ಮೈ ಹ್ಯಾಂಡ್ಸ್ ಕ್ಲೀನ್?’ ರೇಗನ್ ಇದನ್ನು 1985ರಲ್ಲಿ ಕಟ್ಟಿದರು. ಒಂದು ಬ್ಲೌಸು ಎಲ್ಲಿಂದ ಬರುತ್ತದೆ ಅನ್ನುವುದಷ್ಟೇ ಕಥೆ. ಮೂವತ್ತೈದು ಪರ್ಸೆಂಟ್ ಹತ್ತಿ, ಅರವತ್ತೈದು ಪರ್ಸೆಂಟ್ ಪಾಲಿಯೆಸ್ಟರ್. ಹತ್ತಿ ಎಲ್ ಸಾಲ್ವಡೋರಿನ ಹೊಲದಿಂದ, ಆಗ ಅಲ್ಲಿ ಅಂತರ್ಯುದ್ಧ, ಕೀಟನಾಶಕ ಮೈಮೇಲೆ ಬಿದ್ದ ಕೂಲಿಗಳಿಗೆ ದಿನಕ್ಕೆ ಎರಡು ಡಾಲರ್. ಪಾಲಿಯೆಸ್ಟರಿಗೆ ಬೇಕಾದ ಎಣ್ಣೆ ವೆನೆಜುವೆಲಾದ ನೆಲದಿಂದ, ಶುದ್ಧಿ ಮಾಡುವುದು ಟ್ರಿನಿಡಾಡಿನಲ್ಲಿ, ನೂಲು ನ್ಯೂಜೆರ್ಸಿಯಲ್ಲಿ. ಎರಡೂ ಸೌತ್ ಕೆರೊಲೈನಾದ ಗಿರಣಿಯಲ್ಲಿ ಸೇರಿ ಬಟ್ಟೆ ಆಗುತ್ತವೆ. ಆ ಬಟ್ಟೆ ಮತ್ತೆ ಸಮುದ್ರ ದಾಟಿ ಹೈಟಿಗೆ ಹೋಗುತ್ತದೆ, ಅಲ್ಲಿನ ಹೆಂಗಸರು ದಿನಕ್ಕೆ ಮೂರು ಡಾಲರಿಗೆ ಹೊಲಿಯುತ್ತಾರೆ. ಕೊನೆಗೆ ಪ್ಲಾಸ್ಟಿಕ್ ಕವರಿನಲ್ಲಿ ಅಮೆರಿಕದ ಅಂಗಡಿಗೆ. ಹಾಡುವವಳು ಅದನ್ನು ಇಪ್ಪತ್ತು ಪರ್ಸೆಂಟ್ ಡಿಸ್ಕೌಂಟಿನಲ್ಲಿ ಕೊಳ್ಳುತ್ತಾಳೆ, ಆಮೇಲೆ ಕೇಳುತ್ತಾಳೆ, ನನ್ನ ಕೈ ಶುದ್ಧವಾಗಿದೆಯಾ?

ಈ ಪ್ರಶ್ನೆಯನ್ನು ಅವಳು ತನಗೇ ಕೇಳಿಕೊಳ್ಳುತ್ತಾಳೆ, ಅದಕ್ಕೇ ಈ ಹಾಡನ್ನು ಎತ್ತಿಕೊಂಡೆ. ಕಪ್ಪು ಹೆಂಗಸಾಗಿ ತುಳಿತಕ್ಕೆ ಸಿಕ್ಕವಳೇ ಹೈಟಿಯ ಹೆಂಗಸಿನ ದುಡಿಮೆಯನ್ನು ಅಗ್ಗಕ್ಕೆ ಉಟ್ಟುಕೊಂಡಿದ್ದಾಳೆ. ಒಬ್ಬಳೇ ಹೆಂಗಸು ಒಂದು ಕಡೆ ನೋವು ತಿನ್ನುವವಳು, ಇನ್ನೊಂದು ಕಡೆ ಲಾಭ ಪಡೆಯುವವಳು. ಇದನ್ನು ಪ್ರಬಂಧದಲ್ಲಿ ವಿವರಿಸಲು ಇಪ್ಪತ್ತು ಪುಟ ಬೇಕು. ಬೆಂಗಳೂರಿನವರಿಗಂತೂ ಈ ಹಾಡು ದೂರದ್ದಲ್ಲ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಯುವವರೂ ಹೆಚ್ಚಿನವರು ಹೆಂಗಸರೇ, ಅವರು ಹೊಲಿದ ಬಟ್ಟೆಯೂ ಅದೇ ಅಮೆರಿಕದ ಅಂಗಡಿಗಳಿಗೆ ಹೋಗುತ್ತದೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯುವ ನಿಯಮ ಬಿಗಿ ಮಾಡಿದಾಗ ಸಾವಿರಾರು ಜನ ಅದೇ ಹೆಂಗಸರು ರಸ್ತೆಗೆ ಇಳಿದು, ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಳ್ಳುವ ಹಾಗೆ ಮಾಡಿದ್ದು ನೆನಪಿದೆಯಲ್ಲ?

ತಂಡದ ಅತಿ ಹೆಸರುವಾಸಿ ಹಾಡು ‘ಎಲ್ಲಾಸ್ ಸಾಂಗ್’. ಎಲ್ಲಾ ಬೇಕರ್ ನಾಗರಿಕ ಹಕ್ಕುಗಳ ಚಳವಳಿಯ ದೊಡ್ಡ ಸಂಘಟಕಿ, 1960ರಲ್ಲಿ ವಿದ್ಯಾರ್ಥಿಗಳನ್ನೆಲ್ಲ ಒಂದು ಕಡೆ ಸೇರಿಸಿ ಅವರದೇ ಸಂಘಟನೆ ಕಟ್ಟಲು ದಾರಿ ಮಾಡಿದವರು. ಗಟ್ಟಿ ಜನರಿಗೆ ಗಟ್ಟಿ ನಾಯಕ ಬೇಕಾಗಿಲ್ಲ ಅನ್ನುವುದು ಅವರ ಮಾತು. 1964ರಲ್ಲಿ ಮಿಸಿಸಿಪ್ಪಿಯಲ್ಲಿ ಮೂವರು ಕಾರ್ಯಕರ್ತರು ಕಾಣೆಯಾದರು, ಒಬ್ಬ ಕಪ್ಪು ಹುಡುಗ, ಇಬ್ಬರು ಬಿಳಿಯರು. ಬಿಳಿಯರು ಇದ್ದಿದ್ದಕ್ಕೆ ಇಡೀ ದೇಶ ಹುಡುಕಿತು. ಹುಡುಕುವಾಗ ನದಿಯಲ್ಲಿ ಬೇರೆ ಕಪ್ಪು ಹುಡುಗರ ಹೆಣಗಳೂ ಸಿಕ್ಕವು, ಅವರನ್ನು ಯಾರೂ ಹುಡುಕಿರಲಿಲ್ಲ. ಕಪ್ಪು ತಾಯಿಯ ಮಗನ ಸಾವು ಬಿಳಿ ತಾಯಿಯ ಮಗನ ಸಾವಿನಷ್ಟೇ ದೇಶಕ್ಕೆ ದೊಡ್ಡದಾಗುವ ತನಕ, ಸ್ವಾತಂತ್ರ್ಯ ನಂಬಿದ ನಾವು ಸುಮ್ಮನೆ ಕೂರುವ ಹಾಗಿಲ್ಲ ಅಂತ ಬೇಕರ್ ಹೇಳಿದರು. ರೇಗನ್ ಆ ಮಾತನ್ನೇ ಹಾಡಾಗಿ ಕಟ್ಟಿದರು, ಬೇಕರ್ ಬಗ್ಗೆ 1981ರಲ್ಲಿ ಬಂದ ಒಂದು ಸಾಕ್ಷ್ಯಚಿತ್ರಕ್ಕಾಗಿ. ಪೊಲೀಸರ ಕೈಯಲ್ಲಿ ಕಪ್ಪು ಜನ ಸಾಯುವುದರ ವಿರುದ್ಧ ಎದ್ದ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಮೆರವಣಿಗೆಗಳಲ್ಲಿ ಹೊಸ ಪೀಳಿಗೆ ಇದನ್ನೇ ಹಾಡಿತು.

ಅದೇ 1981ರಲ್ಲಿ ರೇಗನ್ ಮಾಡಿದ ಒಂದು ಭಾಷಣವನ್ನು ಬಿಟ್ಟರೆ ಈ ಲೇಖನ ಅರ್ಧಕ್ಕೇ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಯೋಸೆಮಿಟಿ ಬೆಟ್ಟದಲ್ಲಿ ಮಹಿಳಾ ಸಂಗೀತೋತ್ಸವ. ಬಂದವರಲ್ಲಿ ಹೆಚ್ಚಿನವರು ಬಿಳಿಯರು. ಎತ್ತರ ಜಾಸ್ತಿ, ಗಾಳಿ ತೆಳು, ರೇಗನ್ ಅವರಿಗೆ ಉಸಿರಾಟವೇ ಕಷ್ಟವಾಗಿತ್ತು. ಭಾಷಣ ಶುರು ಮಾಡಿದ್ದೇ ಅಲ್ಲಿಂದ. ಈಗಲೇ ಕುಸಿದು ಬಿದ್ದು ಸಾಯುತ್ತೇನೆ ಅನ್ನಿಸುತ್ತಿದೆ, ಬೇರೆಯವರ ಜೊತೆ ಸೇರಿ ಕೆಲಸ ಮಾಡುವುದು ಅಂದರೆ ಹೀಗೇ ಇರುತ್ತದೆ ಅಂದರು. ನಮ್ಮವರು ಮಾತ್ರ ಇರುವ ಸಣ್ಣ ಕೋಣೆ ಬೇಕು, ಅಲ್ಲಿ ಉಸಿರಾಡಿ, ಸುಧಾರಿಸಿಕೊಳ್ಳಿ, ಆದರೆ ಅದನ್ನೇ ಜಗತ್ತು ಅಂದುಕೊಂಡು ಬಾಗಿಲು ಹಾಕಿಕೊಂಡರೆ ಉಳಿಯುವುದಿಲ್ಲ. ಮೈತ್ರಿ ಮಾಡುವುದು ಬೀದಿಯ ಕೆಲಸ, ಮನೆಯ ಬೆಚ್ಚನೆ ಅಲ್ಲಿ ಸಿಗುವುದಿಲ್ಲ. ಅಲ್ಲಿ ನಿಮಗೆ ಹಾಯಾಗಿದೆ ಅಂದರೆ ನೀವು ಮಾಡುತ್ತಿರುವುದು ಮೈತ್ರಿಯೇ ಅಲ್ಲ. ಬಾರ್ಬರಾ ಸ್ಮಿತ್ ಸಂಪಾದಿಸಿದ ‘ಹೋಮ್ ಗರ್ಲ್ಸ್’ ಸಂಕಲನದಲ್ಲಿ 1983ರಲ್ಲಿ ಇದು ಅಚ್ಚಾಯಿತು, ಇವತ್ತಿಗೂ ಕ್ಲಾಸುಗಳಲ್ಲಿ ಪಾಠ ಮಾಡುತ್ತಾರೆ. ಯಾವುದೇ ಸಂಘಟನೆಯಲ್ಲಿ ಒಂದಷ್ಟು ದಿನ ಕೆಲಸ ಮಾಡಿದವರು ಇದನ್ನು ಓದಿದರೆ ತಲೆಯಾಡಿಸದೆ ಇರಲಾರರು.

ಇವರು ದನಿಯಲ್ಲಿ ಮಾಡಿದ್ದನ್ನು ಮೈಯಲ್ಲಿ ಮಾಡಿದ ತಂಡವೂ ಇದೆ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಅರ್ಬನ್ ಬುಷ್ ವಿಮೆನ್. ಜವೋಲೆ ವಿಲ್ಲಾ ಜೋ ಜೋಲ್ಲರ್ 1984ರಲ್ಲಿ ಕಟ್ಟಿದ್ದು. 1995ರ ಅವರ ‘ಬ್ಯಾಟಿ ಮೂವ್ಸ್’ ನೃತ್ಯದ ವಿಷಯವೇ ಹೆಂಗಸಿನ ಹಿಂಭಾಗ. ಬ್ಯಾಲೆ ಕಲಿಸುವಾಗ ಅದನ್ನು ಒಳಗೆ ಎಳೆದುಕೋ, ಕಾಣಿಸಬೇಡ ಅನ್ನುತ್ತಾರೆ. ಆಫ್ರಿಕನ್ ಕುಣಿತದಲ್ಲಿ ಸೊಂಟವೇ ತಾಳ. ಇದು ಸಣ್ಣ ವಿಷಯ ಅನ್ನಿಸಿದರೆ ಸಾರಾ ಬಾರ್ಟ್‌ಮನ್ ಕಥೆ ನೆನಪಿಸಿಕೊಳ್ಳಿ. ದಕ್ಷಿಣ ಆಫ್ರಿಕಾದ ಈ ಹೆಂಗಸನ್ನು 1810ರಲ್ಲಿ ಲಂಡನ್ನಿಗೆ ತಂದು, ಅವಳ ಮೈ ತೋರಿಸಿ ಟಿಕೆಟ್ ಮಾರಿದರು. 1815ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ ಮೇಲೂ ಬಿಡಲಿಲ್ಲ, ಅವಳ ಅವಶೇಷಗಳನ್ನು ಮ್ಯೂಸಿಯಮ್ಮಿನಲ್ಲಿಟ್ಟರು. ಊರಿಗೆ ತಂದು ಮಣ್ಣು ಮಾಡಿದ್ದು 2002ರಲ್ಲಿ. ಅಂಥ ಇತಿಹಾಸ ಬೆನ್ನಿಗಿರುವಾಗ, ಕಪ್ಪು ಹೆಂಗಸರು ತಾವೇ ಆರಿಸಿಕೊಂಡು, ಖುಷಿಯಿಂದ, ತಮ್ಮ ಸೊಂಟ ತಿರುಗಿಸಿ ಕುಣಿದರೆ ಅದಕ್ಕೆ ಬೇರೆಯೇ ತೂಕ ಇರುತ್ತದೆ.

ಒಂದು ಮಾತು ಮುಚ್ಚಿಡಬಾರದು. ಎಲ್ಲರೂ ಸಮಾನ ಅನ್ನುವ ಸ್ವೀಟ್ ಹನಿಯನ್ನು ಮೂವತ್ತು ವರ್ಷ ಮುನ್ನಡೆಸಿದ್ದು ರೇಗನ್ ಒಬ್ಬರೇ. ಹಾಡುಗಳಲ್ಲಿ ಬಹಳಷ್ಟು ಅವರವು. ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ಇತಿಹಾಸಕಾರ್ತಿಯಾಗಿ ದುಡಿಯುತ್ತಲೇ ಇದನ್ನೂ ನಡೆಸಿದರು. ಗಟ್ಟಿ ಜನರಿಗೆ ಗಟ್ಟಿ ನಾಯಕಿ ಬೇಕಿಲ್ಲ ಅನ್ನುವುದು ಎಷ್ಟು ನಿಜ ಅಂತ ಗೊತ್ತಾಗಬೇಕಿದ್ದುದು 2004ರಲ್ಲಿ, ಅವರು ನಿವೃತ್ತರಾದಾಗ. ತಂಡ ನಿಲ್ಲಲಿಲ್ಲ. 2009ರಲ್ಲಿ ಮಿಶೆಲ್ ಒಬಾಮಾ ಶಾಲಾ ಮಕ್ಕಳನ್ನು ಶ್ವೇತಭವನಕ್ಕೆ ಕರೆದಾಗ ಅಲ್ಲಿ ಹಾಡಿತು. 2010ರಲ್ಲಿ ಅರಿಝೋನಾ ರಾಜ್ಯ ವಲಸಿಗರ ಮೇಲೆ ಕಟ್ಟುನಿಟ್ಟಿನ ಕಾನೂನು ತಂದಾಗ ಅದರ ವಿರುದ್ಧ ಹೊಸ ಹಾಡು ಕಟ್ಟಿತು. ರೇಗನ್ 2024ರ ಜುಲೈನಲ್ಲಿ ತೀರಿಕೊಂಡರು.

ಕೇಳಲು ಎಲ್ಲಿಂದ ಶುರು ಮಾಡುವುದು ಅಂದರೆ, 1987ರಲ್ಲಿ ಕಾರ್ನೆಗಿ ಹಾಲ್‌ನಲ್ಲಿ ಹಾಡಿದ್ದರ ಲೈವ್ ಆಲ್ಬಮ್ ಹಿಡಿಯಿರಿ, ಬ್ಲೌಸಿನ ಹಾಡು ಅದರಲ್ಲೇ ಇದೆ. ಇಯರ್‌ಫೋನ್ ಹಾಕಿಕೊಂಡು, ಮೊದಲ ಸಲ ತಳದ ದನಿಯ ಬೆನ್ನು ಹತ್ತಿ, ಎರಡನೇ ಸಲ ಬೇರೆ ಯಾವುದಾದರೂ ಒಂದೇ ದನಿಯ ಬೆನ್ನು ಹತ್ತಿ. ಆಮೇಲೆ ಶರ್ಲಿ ಚೈಲ್ಡ್ರೆಸ್ ಇರುವ ಒಂದು ವಿಡಿಯೊ ಹುಡುಕಿ, ಸೌಂಡ್ ಆಫ್ ಮಾಡಿ ಒಮ್ಮೆ ನೋಡಿ.